ರಾ ಪಾಯಿಂಟರ್‌ನ ಷರತ್ತುಗಳನ್ನು ಎಲ್ಲಿ ಬರೆದಿಡಬೇಕು? ರಸ್ಟ್ ಬಳಸುವವರಿಗೊಂದು ಹೋಲಿಕೆ

"ಪಾಯಿಂಟರ್ ಸರಿಯಾಗಿರಬೇಕು." ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪಂಪುಗಳನ್ನು ಪರೀಕ್ಷಿಸುವ ಟೆಸ್ಟ್ ಬೆಂಚಿಗಾಗಿ ನಾವು ರಸ್ಟ್ ಭಾಷೆಯಲ್ಲಿ ಬರೆದ ತಂತ್ರಾಂಶದ ಒಂದು ಅನ್‌ಸೇಫ್ ಫಂಕ್ಷನ್ನಿನ ಮೇಲೆ ಸುಮಾರು ಒಂದು ವರ್ಷ ಕಾಲ ಇದ್ದ ಸುರಕ್ಷತಾ ಸೂಚನೆ ಇಷ್ಟೇ ಆಗಿತ್ತು. ರಾ ಪಾಯಿಂಟರ್ ಎಂದರೆ ಮೆಮೊರಿಯ ಒಂದು ಜಾಗವನ್ನು ತೋರಿಸುವ ಗುರುತು; ಅದು ಸರಿಯಿದೆಯೇ ಎಂದು ಕಂಪೈಲರ್ ನೋಡುವುದಿಲ್ಲ, ಆ ಹೊಣೆಯನ್ನು ಬರೆಯುವವರಿಗೇ ಬಿಡುವ ಕೋಡನ್ನು ಅನ್‌ಸೇಫ್ ಎನ್ನುತ್ತಾರೆ. ಆ ಸೂಚನೆಯನ್ನು ಬರೆದವನು ನಾನೇ. ಬರೆದ ದಿನ ನನಗೆ ಅದು ಸಾಕೆನಿಸಿತ್ತು. ಕೋಡ್ ರಿವ್ಯೂ ಮಾಡಿದ ಗೆಳೆಯನಿಗೂ ಸಾಕೆನಿಸಿತ್ತು. ಕೋಡಿನಲ್ಲಿನ ತಪ್ಪು ಅಭ್ಯಾಸಗಳನ್ನು ಎತ್ತಿ ತೋರಿಸುವ ರಸ್ಟ್ ಸಾಧನ ಕ್ಲಿಪ್ಪಿ ಕೂಡ ತಕರಾರು ತೆಗೆಯಲಿಲ್ಲ, ಏಕೆಂದರೆ ಸುರಕ್ಷತೆಯ ತಲೆಬರಹ ಇದೆಯೇ ಎಂಬುದನ್ನಷ್ಟೇ ಅದು ನೋಡುತ್ತದೆ, ಅದರ ಕೆಳಗೆ ಬರೆದದ್ದರಲ್ಲಿ ಹುರುಳಿದೆಯೇ ಎಂಬುದನ್ನಲ್ಲ.

ಒತ್ತಡದ ಸೆನ್ಸರುಗಳನ್ನು ಓದುವ ಕಾರ್ಡಿನ ಡ್ರೈವರ್ ಲೈಬ್ರರಿ ಸಿ ಭಾಷೆಯಲ್ಲಿತ್ತು. ಅದು ಪ್ರತಿ ಸಲವೂ ನಮಗೆ ಎರಡು ಸಂಗತಿಗಳನ್ನು ಕೊಡುತ್ತಿತ್ತು: ಅಳತೆಗಳಿರುವ ಜಾಗದ ಪಾಯಿಂಟರ್ ಮತ್ತು ಆ ಅಳತೆಗಳ ಎಣಿಕೆ. ನಮ್ಮ ಫಂಕ್ಷನ್ ಅವೆರಡನ್ನೂ ಸ್ಟ್ಯಾಂಡರ್ಡ್ ಲೈಬ್ರರಿಯ 'ಫ್ರಮ್ ರಾ ಪಾರ್ಟ್ಸ್' ಫಂಕ್ಷನ್ನಿಗೆ ಕೊಟ್ಟು ಒಂದು ಸ್ಲೈಸ್ (ಸಾಲಾಗಿರುವ ಮೌಲ್ಯಗಳನ್ನು ನೋಡುವ ಕಿಂಡಿ) ಪಡೆದು, ಅದನ್ನು ಮೌಲ್ಯ ಇದೆ ಅಥವಾ ಇಲ್ಲ ಎಂದು ಹೇಳುವ 'ಆಪ್ಶನ್' ಟೈಪಿನಲ್ಲಿ ಸುತ್ತಿ ಮುಂದಕ್ಕೆ ಕಳುಹಿಸುತ್ತಿತ್ತು. 'ಸಮ್' ಬಂದರೆ ಸೆನ್ಸರ್ ಸಂಪರ್ಕದಲ್ಲಿದೆ ಎಂದೂ, 'ನನ್' ಬಂದರೆ ಸಂಪರ್ಕ ಕಡಿದಿದೆ ಎಂದೂ ಪರದೆಯ ಭಾಗ ಅರ್ಥ ಮಾಡಿಕೊಳ್ಳುತ್ತಿತ್ತು. ಹೊಸ ಅಳತೆ ಯಾವುದೂ ಬಾರದ ಹೊತ್ತಿನಲ್ಲಿ ಡ್ರೈವರ್ ಎಣಿಕೆಯನ್ನು ಸೊನ್ನೆ ಎಂದೂ ಪಾಯಿಂಟರನ್ನು ನಲ್ (ಎಲ್ಲಿಗೂ ತೋರಿಸದ ಖಾಲಿ ಪಾಯಿಂಟರ್) ಎಂದೂ ಕೊಡುತ್ತಿತ್ತು. ಸಿ ಬರೆಯುವವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಆದರೆ ರಸ್ಟ್‌ನ ಸ್ಲೈಸ್ ರೆಫರೆನ್ಸ್ (ಸದಾ ಸರಿಯಿರಲೇಬೇಕೆಂದು ಭಾಷೆಯೇ ವಿಧಿಸುವ ಪಾಯಿಂಟರ್) ಉದ್ದ ಸೊನ್ನೆಯಿದ್ದಾಗಲೂ ನಲ್ ಆಗುವಂತಿಲ್ಲ. ರೆಫರೆನ್ಸ್ ಎಂದೂ ನಲ್ ಆಗದು ಎಂಬ ಭರವಸೆಯ ಮೇಲೆಯೇ ಕಂಪೈಲರ್ ಆ ನಲ್ ಮೌಲ್ಯವನ್ನು 'ನನ್' ಎಂಬುದರ ಗುರುತಾಗಿ ಬಳಸಿಕೊಳ್ಳುತ್ತದೆ. ಹೀಗಾಗಿ ನಾವು 'ಸಮ್' ಎಂದು ಸುತ್ತಿ ಕಳುಹಿಸಿದ ಖಾಲಿ ಸ್ಲೈಸ್, ಆ ಕಡೆ ಬಿಚ್ಚಿ ನೋಡುವಾಗ 'ನನ್' ಆಗಿರುತ್ತಿತ್ತು. ಪರದೆಯ ಮೇಲೆ ಆಗೊಮ್ಮೆ ಈಗೊಮ್ಮೆ ಸೆನ್ಸರ್ ಇಲ್ಲ ಎಂಬ ಕೆಂಪು ಅಕ್ಷರಗಳು ಮೂಡಿ ಮಾಯವಾಗುತ್ತಿದ್ದವು. "ಸರ, ಕೇಬಲ್ ಎರಡ ಸಲ ಬದಲಿ ಮಾಡೇನ್ರಿ, ಆದ್ರೂ ಹಂಗ ತೋರಸಾಕತ್ತೈತ್ರಿ" ಎಂದು ಬೆಂಚಿನ ಫಿಟರ್ ಹೇಳಿದಾಗ ಕನೆಕ್ಟರ್ ಸಡಿಲವಿರಬೇಕೆಂದು ನಾನು ಉತ್ತರಿಸಿದ್ದು ಈಗಲೂ ನಾಚಿಕೆ ತರುತ್ತದೆ.

ದೋಷ ಸಿಕ್ಕಿದ್ದು ನಮ್ಮ ಜಾಣ್ಮೆಯಿಂದಲ್ಲ. ರಸ್ಟ್‌ನ 1.78ನೆಯ ಆವೃತ್ತಿಯಿಂದ, ಅಂದರೆ 2024ರ ಮೇ ತಿಂಗಳಿಂದ, ಸ್ಟ್ಯಾಂಡರ್ಡ್ ಲೈಬ್ರರಿಯ ಅನ್‌ಸೇಫ್ ಫಂಕ್ಷನ್ನುಗಳ ಕೆಲವು ಪೂರ್ವ ಷರತ್ತುಗಳನ್ನು ಬಳಕೆದಾರರ ಡೀಬಗ್ ಬಿಲ್ಡ್‌ಗಳಲ್ಲಿಯೂ ಪರೀಕ್ಷಿಸಲಾಗುತ್ತದೆ. ನಾವು ಕಂಪೈಲರನ್ನು ಹೊಸದಕ್ಕೆ ಏರಿಸಿ ಡೀಬಗ್ ಬಿಲ್ಡನ್ನು ಬೆಂಚಿಗೆ ಜೋಡಿಸಿದ ಕೂಡಲೇ ಪ್ರೋಗ್ರಾಂ ನಿಂತಿತು, ಮತ್ತು ಪಾಯಿಂಟರ್ ನಲ್ ಆಗಿರಬಾರದು, ಅಲೈನ್ ಆಗಿರಬೇಕು (ವಿಳಾಸ ಆ ಟೈಪಿಗೆ ತಕ್ಕ ಸಂಖ್ಯೆಯ ಗುಣಕವಾಗಿರಬೇಕು) ಎಂಬ ಸಂದೇಶ ಬಂತು. ನನ್ನ ಟಿಪ್ಪಣಿಯ "ಸರಿಯಾಗಿರಬೇಕು" ಎಂಬ ಪದದೊಳಗೆ ಆ ಎರಡೂ ಷರತ್ತುಗಳು ಅಡಗಿದ್ದವು ಎಂದು ವಾದಿಸಬಹುದು. ಆದರೆ ಅಡಗಿರುವ ಷರತ್ತನ್ನು ಯಾರೂ ಪಾಲಿಸಲಾರರು.

ಆ ಬಳಿಕ ನಮ್ಮ ತಂಡ ರಾ ಪಾಯಿಂಟರ್‌ಗಳ ಸುರಕ್ಷತೆಯನ್ನು ದಾಖಲಿಸುವ ಹಲವು ವಿಧಾನಗಳನ್ನು ಒಂದೊಂದಾಗಿ ಪ್ರಯತ್ನಿಸಿ ನೋಡಿತು. ಅವುಗಳಲ್ಲಿ ಯಾವುದನ್ನು ಎಲ್ಲಿ ಆರಿಸಿಕೊಳ್ಳಬೇಕು ಎಂಬುದು ಈ ಬರಹದ ವಿಷಯ. ನನ್ನ ಅಳತೆಗೋಲು ಒಂದೇ: ಷರತ್ತನ್ನು ಮುರಿಯಲು ಸಾಧ್ಯವಿರುವ ವ್ಯಕ್ತಿ ಮುರಿಯುವ ಮೊದಲು ಯಾವ ಸಾಲನ್ನು ನೋಡುತ್ತಾನೋ, ಷರತ್ತು ಆ ಸಾಲಿನಲ್ಲಿರಬೇಕು.

ಸ್ಥಳಕ್ಕಿಂತ ಮೊದಲು ಷರತ್ತುಗಳು

ಎಲ್ಲಿ ಬರೆಯಬೇಕೆಂಬ ಪ್ರಶ್ನೆಗೆ ಮುಂಚೆ ಏನನ್ನು ಬರೆಯಬೇಕೆಂಬುದು ಇತ್ಯರ್ಥವಾಗಬೇಕು. ಒಂದು ರಾ ಪಾಯಿಂಟರ್‌ನಿಂದ ಮೌಲ್ಯವನ್ನು ಓದಬೇಕಾದರೆ ಆ ಪಾಯಿಂಟರ್ ಓದಲು ಅರ್ಹವಾದ ಮೆಮೊರಿಯತ್ತ ತೋರಿಸುತ್ತಿರಬೇಕು, ಆ ಟೈಪಿಗೆ ಬೇಕಾದ ಅಲೈನ್‌ಮೆಂಟ್ ಅದಕ್ಕಿರಬೇಕು, ಮತ್ತು ಅಲ್ಲಿರುವ ಬೈಟುಗಳು ಆ ಟೈಪಿನ ನಿಜವಾದ, ಆರಂಭಿಕ ಮೌಲ್ಯ ಪಡೆದ ವಸ್ತುವಾಗಿರಬೇಕು. ಇವು ಮೂರೂ ಬೇರೆ ಬೇರೆ ಷರತ್ತುಗಳು, ಮತ್ತು ಇವು ಬೇರೆ ಬೇರೆ ಕಾರಣಗಳಿಂದ ಮುರಿಯುತ್ತವೆ. ನಮ್ಮದೇ ಇನ್ನೊಂದು ಭಾಗದಲ್ಲಿ 6 ಬೈಟುಗಳ ತಲೆಭಾಗವಿದ್ದ ಪ್ಯಾಕೆಟ್ ಒಂದಿತ್ತು, ಅದರ ಹಿಂದೆಯೇ 4 ಬೈಟುಗಳ ದಶಮಾಂಶ ಸಂಖ್ಯೆಗಳು ಸಾಲಾಗಿ ಬರುತ್ತಿದ್ದವು. ಮೆಮೊರಿ ನಮ್ಮದೇ, ಬೈಟುಗಳೂ ಸರಿ, ಆದರೆ ಬಫರ್ ಆರಂಭವಾಗುವ ವಿಳಾಸ 4ರ ಗುಣಕವಾಗಿದ್ದರೆ ಸಂಖ್ಯೆಗಳು ಶುರುವಾಗುವ 6ನೆಯ ಬೈಟಿನ ವಿಳಾಸ 4ರ ಗುಣಕವಾಗುವುದಿಲ್ಲ. ಅಲ್ಲಿ ಸಾಮಾನ್ಯ 'ರೀಡ್' ತಪ್ಪು, 'ರೀಡ್ ಅನ್‌ಅಲೈನ್ಡ್' ಸರಿ. ಈ ವ್ಯತ್ಯಾಸ "ಸರಿಯಾಗಿರಬೇಕು" ಎಂಬ ಮಾತಿನಿಂದ ಯಾರಿಗೂ ಹೊಳೆಯುವುದಿಲ್ಲ.

ಸ್ಲೈಸ್ ಕಟ್ಟುವಾಗ ಇನ್ನಷ್ಟು ಷರತ್ತುಗಳು ಸೇರುತ್ತವೆ. ಇಡೀ ಉದ್ದ ಒಂದೇ ಅಲೊಕೇಶನ್ನಿನೊಳಗೆ, ಅಂದರೆ ಒಂದೇ ಸಲಕ್ಕೆ ಪಡೆದ ಮೆಮೊರಿ ತುಂಡಿನೊಳಗೆ, ಇರಬೇಕು. ಒಟ್ಟು ಗಾತ್ರ ಚಿಹ್ನೆಯುಳ್ಳ ಪಾಯಿಂಟರ್ ಗಾತ್ರದ ಪೂರ್ಣಾಂಕದ ಗರಿಷ್ಠವನ್ನು ಮೀರಬಾರದು, ಅಂದರೆ 32 ಬಿಟ್ ಯಂತ್ರದಲ್ಲಿ 2 ಜಿಬಿಗಿಂತ ಒಂದು ಬೈಟ್ ಕಡಿಮೆಯೇ ಮಿತಿ. ಆ ಸ್ಲೈಸ್ ಬದುಕಿರುವಷ್ಟು ಕಾಲ ಅಲ್ಲಿನ ಮೆಮೊರಿಯನ್ನು ಬೇರೆ ಯಾರೂ ಬದಲಿಸಬಾರದು. ಈ ಕೊನೆಯದು ಕಾಲಕ್ಕೆ ಸಂಬಂಧಿಸಿದ ಷರತ್ತು, ಮತ್ತು ನನ್ನ ಅನುಭವದಲ್ಲಿ ಟಿಪ್ಪಣಿಗಳಿಂದ ಅತಿ ಹೆಚ್ಚು ಬಿಟ್ಟುಹೋಗುವುದೂ ಅದೇ. ಫಂಕ್ಷನ್ನನ್ನು ಕರೆದ ಕ್ಷಣದಲ್ಲಿ ಎಲ್ಲವೂ ಸರಿಯಿದ್ದು, ಕರೆ ಮುಗಿದ ಮೇಲೆ ಡ್ರೈವರ್ ಅದೇ ಬಫರಿಗೆ ಹೊಸ ಅಳತೆಗಳನ್ನು ತುಂಬಿದರೆ ಷರತ್ತು ಆಗ ಮುರಿಯುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ "ಕರೆಯುವ ಹೊತ್ತಿಗೆ" ಮತ್ತು "ಮರಳಿ ಕೊಟ್ಟದ್ದು ಬಳಕೆಯಲ್ಲಿರುವವರೆಗೆ" ಎಂಬ ಎರಡು ಕಾಲಗಳನ್ನು ಬಿಡಿಸಿ ಬರೆಯಬೇಕು. 'ಪಾಯಿಂಟರ್ ರೀಡ್' ಫಂಕ್ಷನ್ನಿನಲ್ಲಿಯೂ ಇದೇ ಬಗೆಯ ಮುಂದಿನ ಹೊಣೆಯೊಂದಿದೆ: ನಕಲು ಮಾಡಲಾಗದ ಟೈಪನ್ನು ಓದಿದರೆ ಒಂದೇ ಸ್ವತ್ತಿಗೆ ಇಬ್ಬರು ಮಾಲೀಕರು ಹುಟ್ಟುತ್ತಾರೆ, ಇಬ್ಬರೂ ಅದನ್ನು ಬಿಡುಗಡೆ ಮಾಡಲು ಹೋದರೆ ಮೆಮೊರಿ ಕೆಡುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಪ್ರೊವೆನನ್ಸ್, ಅಂದರೆ ಪಾಯಿಂಟರ್ ಯಾವ ಅಲೊಕೇಶನ್ನಿನಿಂದ ಬಂತು ಎಂಬುದು. ಇದನ್ನು ವಿಟಿಯು ಕಾಲೇಜುಗಳಿಂದ ಇಂಟರ್ನ್ ಆಗಿ ಬರುವ ಹುಡುಗರಿಗೆ ನಾನು ಹೊಲದ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಹೊಲಗಳ ನಡುವೆ ಒಂದೇ ಬದು ಇರುತ್ತದೆ. ಆ ಬದುವಿನ ಮೇಲೆ ನಿಂತ ಇಬ್ಬರ ಕಾಲ ಕೆಳಗಿನ ನೆಲ ಒಂದೇ ಆದರೂ, ಆ ಕಡೆಯ ಹೊಲವನ್ನು ಉಳುವ ಹಕ್ಕು ಯಾರಿಗೆಂಬುದು ಅವರವರ ಕೈಯಲ್ಲಿರುವ ಉತಾರದ (ಪಹಣಿಯ) ಮೇಲೆ ನಿಂತಿರುತ್ತದೆ. ಒಂದು ಅರೇಯ ಕೊನೆಯನ್ನು ದಾಟಿ ನಿಂತ ಪಾಯಿಂಟರ್ ಮತ್ತು ಅದರ ಪಕ್ಕದ ಅರೇಯ ಆರಂಭದ ಪಾಯಿಂಟರ್ ಸಂಖ್ಯೆಯಲ್ಲಿ ಒಂದೇ ವಿಳಾಸವಾಗಿರಬಹುದು. ಆದರೂ ಮೊದಲನೆಯದರಿಂದ ಎರಡನೆಯ ಅರೇಯನ್ನು ಓದುವ ಹಕ್ಕಿಲ್ಲ. ವಿಳಾಸವೆಂಬುದು ಬರೀ ಸರ್ವೆ ನಂಬರು, ಪ್ರೊವೆನನ್ಸ್ ಎಂಬುದು ಉತಾರ. ಇದನ್ನು ಕೋಡಿನಲ್ಲಿಯೇ ಸ್ಪಷ್ಟವಾಗಿ ಹೇಳಲು ಬೇಕಾದ ಫಂಕ್ಷನ್ನುಗಳು 2025ರ ಜನವರಿಯಲ್ಲಿ ಬಂದ 1.84ನೆಯ ಆವೃತ್ತಿಯಲ್ಲಿ ಸ್ಥಿರಗೊಂಡವು. ದಾಖಲೆಯ ದೃಷ್ಟಿಯಿಂದ ಇದರ ಅರ್ಥವಿಷ್ಟೇ: "ಈ ವಿಳಾಸದಲ್ಲಿ ಇಷ್ಟು ಬೈಟುಗಳಿರಬೇಕು" ಎಂದರೆ ಸಾಲದು, "ಈ ಪಾಯಿಂಟರ್ ಇಂಥ ಅಲೊಕೇಶನ್ನಿನಿಂದಲೇ ಬಂದಿರಬೇಕು, ಮತ್ತು ಈ ಇಡೀ ಉದ್ದ ಆ ಅಲೊಕೇಶನ್ನಿನೊಳಗೇ ಇರಬೇಕು" ಎಂದು ಚಕ್ಕುಬಂದಿ ಸಮೇತ ಬರೆಯಬೇಕು.

ಫಂಕ್ಷನ್ನಿನ ತಲೆಯ ಮೇಲಿನ ಸುರಕ್ಷತಾ ಭಾಗ

ಫಂಕ್ಷನ್ನಿನ ಡಾಕ್ ಕಾಮೆಂಟಿನಲ್ಲಿ 'ಸೇಫ್ಟಿ' ಎಂಬ ತಲೆಬರಹ ಕೊಟ್ಟು ಅದರ ಕೆಳಗೆ ಷರತ್ತುಗಳನ್ನು ಬರೆಯುವುದು ರಸ್ಟ್‌ನಲ್ಲಿ ರೂಢಿಯಾದ ಪದ್ಧತಿ. ಸ್ಟ್ಯಾಂಡರ್ಡ್ ಲೈಬ್ರರಿಯೇ ಇದನ್ನು ಉದ್ದಕ್ಕೂ ಅನುಸರಿಸುತ್ತದೆ. ಇದರ ಓದುಗ ಕರೆಯುವವನು, ಅವನು ಫಂಕ್ಷನ್ನಿನ ಒಡಲನ್ನು ತೆರೆದು ನೋಡುವುದಿಲ್ಲ ಎಂದೇ ಭಾವಿಸಿ ಬರೆಯಬೇಕು. ಸಾರ್ವಜನಿಕವಾದ ಅನ್‌ಸೇಫ್ ಫಂಕ್ಷನ್ನಿಗೆ ಈ ಭಾಗ ಇಲ್ಲದಿದ್ದರೆ ಕ್ಲಿಪ್ಪಿಯ 'ಮಿಸ್ಸಿಂಗ್ ಸೇಫ್ಟಿ ಡಾಕ್' ಎಂಬ ನಿಯಮ ತಾನಾಗಿಯೇ ಎಚ್ಚರಿಸುತ್ತದೆ. ಖಾಸಗಿ ಫಂಕ್ಷನ್ನುಗಳಿಗೂ ಬೇಕೆಂದರೆ ಅದನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು.

ಒಳ್ಳೆಯ ಮಾದರಿ ಬೇಕಿದ್ದವರು ವೆಕ್ಟರಿನ 'ಸೆಟ್ ಲೆನ್' ಫಂಕ್ಷನ್ನನ್ನು ನೋಡಬಹುದು. ಅದರ ಸುರಕ್ಷತಾ ಭಾಗದಲ್ಲಿರುವುದು ಎರಡೇ ಷರತ್ತುಗಳು: ಹೊಸ ಉದ್ದ ಸಾಮರ್ಥ್ಯವನ್ನು ಮೀರಬಾರದು, ಮತ್ತು ಹಳೆಯ ಉದ್ದದಿಂದ ಹೊಸ ಉದ್ದದವರೆಗಿನ ಅಂಶಗಳು ಮೌಲ್ಯ ಪಡೆದಿರಬೇಕು. ಕರೆಯುವವನು ಒಂದೊಂದರ ಮುಂದೆಯೂ ಹೌದು ಅಥವಾ ಇಲ್ಲ ಎಂದು ಗುರುತು ಹಾಕಬಹುದು. ನನ್ನ ಪ್ರಕಾರ ಸುರಕ್ಷತಾ ಭಾಗದ ಪರೀಕ್ಷೆಯೇ ಇದು. ಗುರುತು ಹಾಕಲು ಬಾರದ ವಾಕ್ಯ ಅಲ್ಲಿ ಇರಬಾರದು. "ಎಚ್ಚರಿಕೆಯಿಂದ ಬಳಸಿ" ಎಂಬ ವಾಕ್ಯಕ್ಕೆ ಯಾರೂ ಗುರುತು ಹಾಕಲಾರರು.

ಈ ವಿಧಾನದ ದೌರ್ಬಲ್ಯ, ಒಡಲು ಬದಲಾದಾಗ ತಲೆ ಬದಲಾಗದಿರುವುದು. ಒಳಗೆ 'ರೀಡ್ ಅನ್‌ಅಲೈನ್ಡ್' ಇದ್ದದ್ದನ್ನು ವೇಗಕ್ಕಾಗಿ 'ರೀಡ್' ಮಾಡಿದವನು ಮೇಲಿನ ದಾಖಲೆಗೆ ಅಲೈನ್‌ಮೆಂಟಿನ ಷರತ್ತು ಸೇರಿಸಲು ಮರೆತರೆ, ಹಳೆಯ ದಾಖಲೆಯನ್ನು ನಂಬಿ ಬರೆದ ಎಲ್ಲ ಕರೆಗಳೂ ಸದ್ದಿಲ್ಲದೆ ತಪ್ಪಾಗುತ್ತವೆ. ಸಾರ್ವಜನಿಕ ಫಂಕ್ಷನ್ನಿಗೆ ಷರತ್ತು ಸೇರಿಸುವುದೆಂದರೆ ಅದರ ಸಹಿಯನ್ನೇ ಬದಲಿಸಿದಂತೆ ಎಂದು ಪರಿಗಣಿಸಿ ಆವೃತ್ತಿ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ಏರಿಸಬೇಕು. ಷರತ್ತನ್ನು ಸಡಿಲಿಸುವುದಕ್ಕೆ ಮಾತ್ರ ಆ ತೊಡಕಿಲ್ಲ.

ಇದಕ್ಕೆ ಹೊಂದಿಕೊಂಡೇ ಬರುವ ಇನ್ನೊಂದು ತಪ್ಪು, ರಾ ಪಾಯಿಂಟರನ್ನು ಆರ್ಗ್ಯುಮೆಂಟಾಗಿ ಪಡೆದು ಒಳಗೆ ಅದನ್ನು ಓದುವ ಫಂಕ್ಷನ್ನನ್ನು ಅನ್‌ಸೇಫ್ ಎಂದು ಗುರುತಿಸದೆ, "ದಯವಿಟ್ಟು ಸರಿಯಾದ ಪಾಯಿಂಟರ್ ಕೊಡಿ" ಎಂದು ದಾಖಲೆಯಲ್ಲಿ ಮಾತ್ರ ಬರೆಯುವುದು. ಇದು ದಾಖಲೆಯ ಆಯ್ಕೆಯೇ ಅಲ್ಲ, ಸಾರಾಸಗಟು ದೋಷ. ಫಂಕ್ಷನ್ ಸಾರ್ವಜನಿಕವಾಗಿದ್ದರೆ ಕ್ಲಿಪ್ಪಿ ಇದನ್ನು ಎಚ್ಚರಿಕೆಯಾಗಿ ಅಲ್ಲ, ತಪ್ಪೆಂದೇ ತೋರಿಸುತ್ತದೆ.

ಬ್ಲಾಕಿನ ಮೇಲಿನ ಸಮರ್ಥನೆ

ರಸ್ಟ್‌ನಲ್ಲಿ 'ಅನ್‌ಸೇಫ್' ಎಂಬ ಒಂದೇ ಪದಕ್ಕೆ ಎರಡು ವಿರುದ್ಧ ಅರ್ಥಗಳಿವೆ. ಫಂಕ್ಷನ್ನಿನ ಮುಂದೆ ಬಂದಾಗ ಅದು ಹೊಣೆಯನ್ನು ಕೇಳುತ್ತದೆ, ಬ್ಲಾಕಿನ (ಆವರಣದೊಳಗಿನ ಸಾಲುಗಳ ಗುಂಪಿನ) ಮುಂದೆ ಬಂದಾಗ ಹೊಣೆಯನ್ನು ತೀರಿಸಿದ್ದೇನೆ ಎನ್ನುತ್ತದೆ. ಸಾಲ ಪತ್ರಕ್ಕೂ ರಸೀದಿಗೂ ಒಂದೇ ಹೆಸರಿಟ್ಟಂತೆ. ಬ್ಲಾಕಿನ ಮೇಲಿನ 'ಸೇಫ್ಟಿ' ಕಾಮೆಂಟು ಈ ರಸೀದಿ. ಅದರಲ್ಲಿ ಷರತ್ತನ್ನು ಮತ್ತೆ ಹೇಳುವುದು ವ್ಯರ್ಥ. ಷರತ್ತು ಇಲ್ಲಿ ಏಕೆ ಈಡೇರಿದೆ ಎಂಬ ಕಾರಣ ಬೇಕು. "ಪಾಯಿಂಟರ್ ನಲ್ ಅಲ್ಲ" ಎಂಬುದು ಷರತ್ತಿನ ಪುನರುಕ್ತಿ. "ಮೂರು ಸಾಲು ಮೇಲೆ ಎಣಿಕೆ ಸೊನ್ನೆಯಿದ್ದರೆ ಮರಳಿದ್ದೇವೆ, ಎಣಿಕೆ ಸೊನ್ನೆಯಿಲ್ಲದಾಗ ಡ್ರೈವರ್ ನಲ್ ಕೊಡುವುದಿಲ್ಲವೆಂದು ಅದರ ಕೈಪಿಡಿ ಹೇಳುತ್ತದೆ" ಎಂಬುದು ಸಮರ್ಥನೆ.

ನಾನು ಈ ಅಭ್ಯಾಸವನ್ನು ಉಳಿದೆಲ್ಲದಕ್ಕಿಂತ ಹೆಚ್ಚಾಗಿ ನೆಚ್ಚುತ್ತೇನೆ, ಏಕೆಂದರೆ ಬರೆಯಲು ಕೂತಾಗಲೇ ತಪ್ಪು ಸಿಗುತ್ತದೆ. ಮೇಲಿನ ಎರಡನೆಯ ವಾಕ್ಯವನ್ನು ಬರೆಯಲು ನಾನು ಒಂದು ವರ್ಷದ ಹಿಂದೆ ಪ್ರಯತ್ನಿಸಿದ್ದರೆ ಕೈಪಿಡಿಯನ್ನು ತೆರೆಯಬೇಕಾಗುತ್ತಿತ್ತು, ತೆರೆದಿದ್ದರೆ ಸೊನ್ನೆಯ ಸಂದರ್ಭದಲ್ಲಿ ಪಾಯಿಂಟರ್ ಏನಾಗಿರುತ್ತದೆಂದು ಅಲ್ಲಿ ಒಂದು ಅಕ್ಷರವೂ ಇಲ್ಲದಿರುವುದು ಕಾಣುತ್ತಿತ್ತು. 2022ರ ಡಿಸೆಂಬರಿನಲ್ಲಿ ಬಂದ 6.1ನೆಯ ಆವೃತ್ತಿಯಿಂದ ರಸ್ಟನ್ನು ಒಳಗೊಂಡಿರುವ ಲಿನಕ್ಸ್ ಕರ್ನಲ್ಲಿನ ಕೋಡಿಂಗ್ ಮಾರ್ಗಸೂಚಿಯೂ ಕಾರಣ ಎಷ್ಟೇ ಕ್ಷುಲ್ಲಕವೆನಿಸಿದರೂ ಪ್ರತಿ ಅನ್‌ಸೇಫ್ ಬ್ಲಾಕಿನ ಮುಂದೆ ಈ ಕಾಮೆಂಟು ಇರಲೇಬೇಕೆಂದು ವಿಧಿಸುತ್ತದೆ. ಕಾಮೆಂಟಿಲ್ಲದ ಬ್ಲಾಕು ಕಂಡರೆ ಯಾರೋ ಯೋಚಿಸಿ ಬಿಟ್ಟರೋ ಯೋಚಿಸದೆ ಬಿಟ್ಟರೋ ಎಂಬುದು ತಿಳಿಯುವುದಿಲ್ಲವಾದ್ದರಿಂದ ಈ ಕಟ್ಟುನಿಟ್ಟು ನನಗೆ ಒಪ್ಪಿಗೆ.

ಕ್ಲಿಪ್ಪಿಯಲ್ಲಿ ಇದಕ್ಕಾಗಿ 'ಅನ್‌ಡಾಕ್ಯುಮೆಂಟೆಡ್ ಅನ್‌ಸೇಫ್ ಬ್ಲಾಕ್ಸ್' ಎಂಬ ನಿಯಮವಿದೆ, ಆದರೆ ಅದು ತಾನಾಗಿ ಜಾರಿಯಲ್ಲಿರುವುದಿಲ್ಲ, ನಾವೇ ಚಾಲೂ ಮಾಡಬೇಕು. ಅದರ ಜೊತೆಗೆ ಒಂದು ಬ್ಲಾಕಿನಲ್ಲಿ ಒಂದೇ ಅನ್‌ಸೇಫ್ ಕ್ರಿಯೆ ಇರಬೇಕೆನ್ನುವ ನಿಯಮವನ್ನೂ ಚಾಲೂ ಮಾಡಿದರೆ ಯಾವ ಸಮರ್ಥನೆ ಯಾವ ಕ್ರಿಯೆಗೆ ಎಂಬ ಗೊಂದಲ ತಪ್ಪುತ್ತದೆ. ಇನ್ನೊಂದು ಸಂಗತಿ: ರಸ್ಟ್‌ನ ಹಳೆಯ ಎಡಿಶನ್ನುಗಳಲ್ಲಿ (ಕೆಲವು ವರ್ಷಗಳಿಗೊಮ್ಮೆ ಬರುವ ಭಾಷಾ ನಿಯಮಗಳ ಕಟ್ಟುಗಳಲ್ಲಿ) ಅನ್‌ಸೇಫ್ ಫಂಕ್ಷನ್ನಿನ ಇಡೀ ಒಡಲು ತಾನಾಗಿಯೇ ಅನ್‌ಸೇಫ್ ಬ್ಲಾಕಿನಂತೆ ನಡೆಯುತ್ತಿತ್ತು, ಹಾಗಾಗಿ ಸಮರ್ಥನೆ ಬರೆಯಲು ಜಾಗವೇ ಇರುತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ 1.85ನೆಯ ಆವೃತ್ತಿಯೊಂದಿಗೆ ಬಂದ 2024ರ ಎಡಿಶನ್ನಿನಲ್ಲಿ ಅದಕ್ಕೆ ಎಚ್ಚರಿಕೆ ಬರುತ್ತದೆ. ಹಳೆಯ ಕೋಡಿನಲ್ಲಿ ಬೇರೇನನ್ನೂ ಬದಲಿಸದಿದ್ದರೂ ಈ ಒಂದು ಎಚ್ಚರಿಕೆಯನ್ನು ಚಾಲೂ ಮಾಡಿಕೊಳ್ಳುವುದು ಲಾಭಕರ.

ಕೊರತೆಯೆಂದರೆ ಈ ಕಾಮೆಂಟು ಕರೆಯುವವನಿಗೆ ಕಾಣುವುದಿಲ್ಲ. ತಲೆಯ ಮೇಲಿನ ಭಾಗಕ್ಕೆ ಇದು ಬದಲಿಯಲ್ಲ, ಅದರ ಜೋಡಿ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಯಾರಾದರೂ ಹಟ ಹಿಡಿದರೆ, ಲೈಬ್ರರಿ ಬರೆಯುವವರಿಗೆ ತಲೆಯನ್ನೂ, ಲೈಬ್ರರಿಯನ್ನು ಬಳಸಿ ಅಂತಿಮ ಪ್ರೋಗ್ರಾಂ ಬರೆಯುವವರಿಗೆ ಬ್ಲಾಕನ್ನೂ ಸೂಚಿಸುತ್ತೇನೆ.

ಬರೆಯುವ ಬದಲು ಟೈಪಿಗೆ ಒಪ್ಪಿಸುವುದು

ಕಂಪೈಲರ್ ಓದುವ ದಾಖಲೆ ಟೈಪು ಮಾತ್ರ. "ನಲ್ ಆಗಿರಬಾರದು" ಎಂದು ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಬರೆಯುವ ಬದಲು ಆರ್ಗ್ಯುಮೆಂಟಿನ ಟೈಪನ್ನೇ 'ನಾನ್‌ನಲ್' ಮಾಡಿದರೆ ಆ ಷರತ್ತು ಟಿಪ್ಪಣಿಯಿಂದ ಅಳಿದುಹೋಗುತ್ತದೆ; ಅದನ್ನು ಈಡೇರಿಸುವ ಕ್ಷಣ ಆ ಮೌಲ್ಯ ಹುಟ್ಟುವಲ್ಲಿಗೆ ಸರಿಯುತ್ತದೆ. ಆದರೆ 'ನಾನ್‌ನಲ್' ಹೇಳುವುದು ಅಷ್ಟನ್ನೇ. ಅದು ಅಲೈನ್ ಆಗಿದೆಯೆಂದಾಗಲಿ, ಅದು ತೋರಿಸುವ ಮೆಮೊರಿ ಇನ್ನೂ ಬದುಕಿದೆಯೆಂದಾಗಲಿ ಅದು ಭರವಸೆ ಕೊಡುವುದಿಲ್ಲ. 'ನಾನ್‌ನಲ್' ಹಾಕಿದ್ದೇವೆಂದು ಸುರಕ್ಷತಾ ಭಾಗವನ್ನೇ ಕಿತ್ತುಹಾಕಿದ ಕೋಡನ್ನು ನಾನು ಕಂಡಿದ್ದೇನೆ. ಎಲ್ಲ ಷರತ್ತುಗಳನ್ನೂ ಒಟ್ಟಿಗೆ ಹೊರುವ ಟೈಪು ಬೇಕಿದ್ದರೆ ಅದು ಸಾಮಾನ್ಯ ರೆಫರೆನ್ಸ್. ರೆಫರೆನ್ಸ್ ಪಡೆಯಬಹುದಾದ ಕಡೆ ರಾ ಪಾಯಿಂಟರ್ ಪಡೆದು ನಾಲ್ಕು ಸಾಲಿನ ಷರತ್ತು ಬರೆಯುವುದು ಶ್ರದ್ಧೆಯಲ್ಲ, ತಪ್ಪಾದ ಆಯ್ಕೆ.

ಮೌಲ್ಯ ಪಡೆಯದ ಮೆಮೊರಿಗೆ 'ಮೇಬಿ ಅನ್‌ಇನಿಟ್', ಪಾಯಿಂಟರ್ ಮತ್ತು ಎಣಿಕೆಯನ್ನು ಖಾಸಗಿಯಾಗಿ ಇಟ್ಟುಕೊಂಡ ಸ್ವಂತ ಸ್ಟ್ರಕ್ಟ್, ಇವೂ ಇದೇ ದಾರಿಯವು. ಹೋಲಿಕೆಗೆಂದು ಹೇಳುವುದಾದರೆ ಜಿಗ್ ಭಾಷೆಯಲ್ಲಿ ಒಂದೇ ವಸ್ತುವಿನ ಪಾಯಿಂಟರಿಗೂ ಹಲವು ವಸ್ತುಗಳ ಸಾಲಿನ ಪಾಯಿಂಟರಿಗೂ ಬೇರೆ ಟೈಪುಗಳಿವೆ. ಸಿ ಭಾಷೆಯಲ್ಲಿ ಜಿಸಿಸಿಯ 'ನಾನ್‌ನಲ್' ಗುಣಸೂಚಕವನ್ನು ಹಾಕಿದರೆ ಕಂಪೈಲರ್ ಆ ಮಾತನ್ನು ನಂಬಿ ನಾವು ಬರೆದ ನಲ್ ಪರೀಕ್ಷೆಯನ್ನೇ ತೆಗೆದುಹಾಕಬಹುದು, ಆದ್ದರಿಂದ ಅಲ್ಲಿ ಅದು ರಕ್ಷಣೆಯಲ್ಲ, ಮತ್ತೊಂದು ಷರತ್ತು.

ಮಾಡ್ಯೂಲಿನ ಮೊದಲಲ್ಲಿ

ಸ್ಟ್ರಕ್ಟಿನ ಖಾಸಗಿ ಫೀಲ್ಡುಗಳ ನಡುವಿನ ಸಂಬಂಧವನ್ನು ಮುರಿಯಲು ಅನ್‌ಸೇಫ್ ಎಂಬ ಪದವೇ ಬೇಕಿಲ್ಲ. ಪಾಯಿಂಟರ್, ಉದ್ದ, ಸಾಮರ್ಥ್ಯ ಎಂಬ ಮೂರು ಫೀಲ್ಡುಗಳಿರುವ ಸ್ಟ್ರಕ್ಟಿನಲ್ಲಿ ಉದ್ದಕ್ಕೆ ಒಂದು ಕೂಡಿಸುವುದು ಪೂರ್ತಿ ಸುರಕ್ಷಿತ ಕೋಡು, ಕಂಪೈಲರ್ ಚಕಾರವೆತ್ತುವುದಿಲ್ಲ, ಆದರೆ ಮುಂದಿನ ಓದು ಗಡಿ ದಾಟುತ್ತದೆ. ಮುರಿಯಬಲ್ಲವನು ಇಲ್ಲಿ ಹೊರಗಿನ ಕರೆಯುವವನಲ್ಲ, ಅದೇ ಫೈಲನ್ನು ತಿದ್ದುವ ನಮ್ಮವನೇ. ಆದ್ದರಿಂದ ಆ ಸಂಬಂಧಗಳನ್ನು ಸ್ಟ್ರಕ್ಟಿನ ಮೇಲೆ ಅಥವಾ ಮಾಡ್ಯೂಲಿನ ಮೊದಲ ಸಾಲುಗಳಲ್ಲಿ ಬರೆದು, ಒಳಗಿನ ಬ್ಲಾಕುಗಳ ಸಮರ್ಥನೆಗಳು ಅವುಗಳನ್ನು ಹೆಸರಿಟ್ಟು ಉಲ್ಲೇಖಿಸಬೇಕು. ಮಾಡ್ಯೂಲು ದೊಡ್ಡದಾದರೆ ಈ ವಿಧಾನ ನಿಲ್ಲುವುದಿಲ್ಲ. ಪರದೆಯೊಂದಕ್ಕೆ ಮೀರಿದ ಮೇಲೆ ಮೊದಲ ಸಾಲುಗಳನ್ನು ಯಾರೂ ಮತ್ತೆ ಓದುವುದಿಲ್ಲ.

ಓಡಿಸಿ ನೋಡಬಹುದಾದ ದಾಖಲೆ

ಡೀಬಗ್ ಅಸರ್ಟ್ ಕೂಡ ಒಂದು ದಾಖಲೆಯೇ, ಸುಳ್ಳಾದಾಗ ಕೂಗುವ ದಾಖಲೆ. ನಲ್, ಅಲೈನ್‌ಮೆಂಟ್, ಉದ್ದದ ಮಿತಿ, ಇವನ್ನು ಹೀಗೆ ಪರೀಕ್ಷಿಸಬಹುದು. ಮೆಮೊರಿ ಬದುಕಿದೆಯೇ, ಬೇರೊಬ್ಬರು ಬರೆಯುತ್ತಿದ್ದಾರೆಯೇ ಎಂಬುದನ್ನು ಪರೀಕ್ಷಿಸಲಾಗದು, ಏಕೆಂದರೆ ಪಾಯಿಂಟರಿನ ಸಂಖ್ಯೆಯೊಳಗೆ ಆ ಮಾಹಿತಿಯೇ ಇಲ್ಲ.

ಆ ಮಾಹಿತಿಯನ್ನು ಇಟ್ಟುಕೊಂಡು ಪ್ರೋಗ್ರಾಮನ್ನು ಓಡಿಸುವುದು ಮಿರಿ ಎಂಬ ರಸ್ಟ್ ಪರೀಕ್ಷಾ ಸಾಧನ. ಅದು ಪ್ರತಿ ಪಾಯಿಂಟರ್ ಯಾವ ಅಲೊಕೇಶನ್ನಿನಿಂದ ಬಂತು, ಯಾವ ರೆಫರೆನ್ಸಿನಿಂದ ಕವಲೊಡೆಯಿತು ಎಂಬುದನ್ನು ನೆನಪಿಟ್ಟುಕೊಂಡು, ನಿಯಮ ಮುರಿದ ಸಾಲನ್ನೇ ತೋರಿಸುತ್ತದೆ. ಆದರೆ ಎರಡು ಮಿತಿಗಳಿವೆ. ಪರೀಕ್ಷೆಯಲ್ಲಿ ಓಡಿದ ದಾರಿಯನ್ನಷ್ಟೇ ಅದು ನೋಡುತ್ತದೆ, ಅದೂ ನಿಧಾನವಾಗಿ; ಮತ್ತು ನಮ್ಮ ಡ್ರೈವರಿನಂತಹ ಸಿ ಲೈಬ್ರರಿಗಳ ಒಳಗೆ ಏನು ನಡೆಯುತ್ತದೆಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ನಾವು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಡ್ರೈವರಿನ ವರ್ತನೆಯನ್ನು ಅನುಕರಿಸುವ ಸಣ್ಣ ನಕಲಿ ಡ್ರೈವರನ್ನು ರಸ್ಟ್‌ನಲ್ಲಿಯೇ ಬರೆದು ಮಿರಿಯ ಅಡಿಯಲ್ಲಿ ಓಡಿಸುವುದು. ಆ ನಕಲಿಯನ್ನು ಬರೆಯುವಾಗ ನಿಜವಾದ ಡ್ರೈವರ್ ಏನೇನು ಮಾಡಬಹುದೆಂದು ಪಟ್ಟಿ ಮಾಡಬೇಕಾಯಿತು, ಹಾಗಾಗಿ ಅದೂ ಒಂದು ದಾಖಲೆಯಾಗಿ ಉಳಿಯಿತು. ಸೊನ್ನೆ ಎಣಿಕೆಯೊಂದಿಗೆ ನಲ್ ಕೊಡುವ ಸಂದರ್ಭ ಅದರ ಮೊದಲ ಪರೀಕ್ಷೆ.

ಮಿರಿ ಪಾಯಿಂಟರುಗಳ ಪರಸ್ಪರ ಸಂಬಂಧವನ್ನು ಅಳೆಯಲು ಬಳಸುವ ಮಾದರಿಗಳು, ಅಂದರೆ ಸ್ಟ್ಯಾಕ್ಡ್ ಬಾರೋಸ್ ಮತ್ತು ಅದರ ನಂತರದ ಟ್ರೀ ಬಾರೋಸ್, ಭಾಷೆಯ ಅಂತಿಮ ನಿಯಮಗಳಲ್ಲ. ಆದ್ದರಿಂದ ಟಿಪ್ಪಣಿಗಳಲ್ಲಿ "ಸ್ಟ್ಯಾಕ್ಡ್ ಬಾರೋಸ್ ಪ್ರಕಾರ ಸರಿ" ಎಂದು ಬರೆಯುವುದು ನನಗೆ ಹಿಡಿಸುವುದಿಲ್ಲ. "ಈ ಪಾಯಿಂಟರ್ ಬಳಕೆಯಲ್ಲಿರುವಾಗ ಇದೇ ಬಫರಿಗೆ ಬೇರೆ ಮ್ಯೂಟಬಲ್ ರೆಫರೆನ್ಸ್ ಸೃಷ್ಟಿಸಬಾರದು" ಎಂದು ಕರೆಯುವವನಿಗೆ ತಿಳಿಯುವ ಮಾತಿನಲ್ಲಿಯೇ ಬರೆಯುವುದು ಮೇಲು.

ಯಾರಿಗೆ ಯಾವುದು

ಬೇರೆಯವರು ಬಳಸುವ ಲೈಬ್ರರಿಯಾದರೆ ಮೊದಲು ಟೈಪಿಗೆ ಎಷ್ಟನ್ನು ಒಪ್ಪಿಸಬಹುದೋ ಅಷ್ಟನ್ನು ಒಪ್ಪಿಸಿ, ಉಳಿದದ್ದನ್ನು ತಲೆಯ ಮೇಲಿನ ಸುರಕ್ಷತಾ ಭಾಗದಲ್ಲಿ ಬರೆಯಬೇಕು. ಸಿ ಲೈಬ್ರರಿಯೊಂದಿಗೆ ಬೆಸೆಯುವ ತೆಳುವಾದ ಪದರವಾದರೆ ಬ್ಲಾಕಿನ ಸಮರ್ಥನೆಯೇ ಮುಖ್ಯ, ಮತ್ತು ಅದರಲ್ಲಿ ಸಿ ಕೈಪಿಡಿಯ ಯಾವ ಮಾತನ್ನು ನಂಬಿದ್ದೇವೆಂಬುದು ಇರಲೇಬೇಕು. ಡ್ರೈವರಿನ ಹೊಸ ಆವೃತ್ತಿ ಬಂದ ದಿನ ಹುಡುಕಬೇಕಾದ ಸಾಲುಗಳು ಅವೇ. ಹಾರ್ಡ್‌ವೇರ್ ರಿಜಿಸ್ಟರುಗಳ ವಿಳಾಸವನ್ನು ನೇರವಾಗಿ ಪಾಯಿಂಟರಾಗಿ ಬಳಸುವ ಎಂಬೆಡೆಡ್ ಕೆಲಸದಲ್ಲಿ ವಿಳಾಸ ಡೇಟಾಶೀಟಿನ ಯಾವ ಕೋಷ್ಟಕದಿಂದ ಬಂತು, ಓದು ವೊಲಟೈಲ್ (ಕಂಪೈಲರ್ ಬಿಟ್ಟುಬಿಡಲಾಗದ ಓದು) ಏಕೆ, ಆ ರಿಜಿಸ್ಟರನ್ನು ಇಂಟರಪ್ಟ್ ಕೂಡ ಮುಟ್ಟುತ್ತದೆಯೇ ಎಂಬ ಮೂರನ್ನು ಬರೆದರೆ ಸಾಕು. ಒಬ್ಬನೇ ಬರೆದು ಒಬ್ಬನೇ ಓಡಿಸುವ ಸಣ್ಣ ಉಪಕರಣಕ್ಕೂ ಬ್ಲಾಕಿನ ಕಾಮೆಂಟು ಬೇಡವೆನ್ನಲಾರೆ. ಆರು ತಿಂಗಳ ಬಳಿಕ ಅದನ್ನು ತೆರೆಯುವವನು ಬೇರೊಬ್ಬನೇ.

ಭಾಷೆಯ ಬಗ್ಗೆ ಒಂದು ಮಾತು. ನಮ್ಮ ತಂಡದಲ್ಲಿ ಕನ್ನಡದವರೂ ಮರಾಠಿಯವರೂ ಇರುವುದರಿಂದ ಕೋಡಿನೊಳಗಿನ ಟಿಪ್ಪಣಿಗಳು ಇಂಗ್ಲಿಷಿನಲ್ಲಿಯೇ ಇರುತ್ತವೆ. ಆದರೆ ಷರತ್ತನ್ನು ಮೊದಲು ನಮ್ಮ ಮಾತಿನಲ್ಲಿ ಒಬ್ಬರಿಗೊಬ್ಬರು ಹೇಳಿ, ಯಾರು, ಯಾವಾಗ, ಎಷ್ಟು ಕಾಲ ಎಂಬುದು ಗಟ್ಟಿಯಾದ ಮೇಲೆಯೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ನೇರವಾಗಿ ಬರೆದಾಗ "ವ್ಯಾಲಿಡ್" ಎಂಬ ಒಂದು ಪದ ಎಲ್ಲವನ್ನೂ ನುಂಗಿಬಿಡುತ್ತದೆ.

ಮೊದಲು ಹೇಳಿದ ಆ ಫಂಕ್ಷನ್ನಿನ ಸುರಕ್ಷತಾ ಭಾಗ ಈಗ ಹೀಗಿದೆ, ಕನ್ನಡದಲ್ಲಿ ಕೊಡುತ್ತೇನೆ: "ಎಣಿಕೆ ಸೊನ್ನೆಯಿದ್ದಾಗ ಪಾಯಿಂಟರ್ ಏನೇ ಆಗಿರಬಹುದು, ನಲ್ ಕೂಡ. ಎಣಿಕೆ ಸೊನ್ನೆಗಿಂತ ಹೆಚ್ಚಿದ್ದಾಗ ಪಾಯಿಂಟರ್ ನಲ್ ಆಗಿರಬಾರದು, 4 ಬೈಟುಗಳಿಗೆ ಅಲೈನ್ ಆಗಿರಬೇಕು, ಮತ್ತು ಅಲ್ಲಿಂದ ಎಣಿಕೆಯಷ್ಟು ಅಳತೆಗಳು ಒಂದೇ ಅಲೊಕೇಶನ್ನಿನೊಳಗೆ ಮೌಲ್ಯ ಪಡೆದು ಇರಬೇಕು. ಈ ಫಂಕ್ಷನ್ ಮರಳುವವರೆಗೆ ಬೇರೆ ಯಾವ ಥ್ರೆಡ್ಡೂ ಆ ಜಾಗಕ್ಕೆ ಬರೆಯಬಾರದು." ಮರಳಿದ ನಂತರದ ಕಾಲದ ಬಗ್ಗೆ ಇಲ್ಲಿ ಮಾತಿಲ್ಲದಿರುವುದನ್ನು ಗಮನಿಸಬಹುದು. ಮುಂದಿನ ಕರೆಯವರೆಗೆ ಬಫರ್ ಹಾಗೆಯೇ ಇರುತ್ತದೆಯೇ ಎಂಬುದಕ್ಕೆ ಡ್ರೈವರಿನ ಕೈಪಿಡಿಯಲ್ಲಿ ಉತ್ತರ ಸಿಗಲಿಲ್ಲವಾದ್ದರಿಂದ, ಒಂದು ಸಲಕ್ಕೆ ಬರುವ 512 ಅಳತೆಗಳನ್ನು, ಅಂದರೆ 2,048 ಬೈಟುಗಳನ್ನು, ಫಂಕ್ಷನ್ನಿನೊಳಗೇ ನಮ್ಮ ಸ್ವಂತ ವೆಕ್ಟರಿಗೆ ನಕಲು ಮಾಡಿ ಅದನ್ನೇ ಮರಳಿ ಕೊಡುತ್ತೇವೆ.